ಸುರಂಗದ ಬೀಗದಕೈ

ಅಕ್ಕನಿಗೆ ಎರಡು ಮನೆ. ಒಂದು ನೆಲದ ಮೇಲೆ, ಮೂರನೇ ಮಹಡಿಯಲ್ಲಿ. ಗಂಡ, ಎರಡು ಕೋಣೆ, ಎಷ್ಟು ರಿಪೇರಿ ಮಾಡಿಸಿದರೂ ತೊಟ್ಟಿಕ್ಕುವ ನಲ್ಲಿ ಇರುವಂಥದ್ದು. ಇನ್ನೊಂದು ನೆಲದಡಿ, ಯಾವ ಬಾವಿಗೂ ನಿಲುಕದ ಆಳದಲ್ಲಿ, ಊರನ್ನೆಲ್ಲ ಬಳೆಯ ಹಾಗೆ ಸುತ್ತಿಕೊಂಡ ಸುರಂಗ. ಅಲ್ಲಿ ಒಂದು ಕೊಳವೆಯೊಳಗೆ ಕಣ್ಣಿಗೆ ಕಾಣದ ಕಣಗಳನ್ನು ಎದುರುಬದುರಾಗಿ ಓಡಿಸಿ ಡಿಕ್ಕಿ ಹೊಡೆಸುತ್ತಾರೆ, ಜಗತ್ತು ಯಾವುದರಿಂದ ಆಗಿದೆ ಎಂದು ತಿಳಿಯಲು. “ಮಡಕೆ ಯಾವ ಮಣ್ಣಿಂದ್ದು ಅಂತ ನೋಡೋಕೆ ಎರಡು ಮಡಕೆ ತಂದು ಕುಟ್ಟೋ ಕೆಲಸ” ಎನ್ನುತ್ತಾನೆ ಸಿಟಿ ಬಸ್ಸಿನ ಡ್ರೈವರ್ ಆದ ಅವಳ ಗಂಡ.

ಅಕ್ಕ ವಿಜ್ಞಾನಿಯೇನಲ್ಲ. ಯಂತ್ರ ಚಾಲೂ ಆಗುವ ಮುಂಚೆ ಒಳಗೆ ಯಾರೂ ಉಳಿದಿಲ್ಲ ಎಂದು ಸುರಂಗವನ್ನು ನಡೆದು ನೋಡಿ ಬರುವವರಲ್ಲಿ ಒಬ್ಬಳು. ಒಳಗೆ ಕಾಲಿಡುವ ಪ್ರತಿಯೊಬ್ಬರೂ ಬಾಗಿಲ ಬಳಿಯ ಹಲಗೆಯಿಂದ ಒಂದು ಬೀಗದಕೈ ಕಿತ್ತು ಜೇಬಿಗೆ ಹಾಕಿಕೊಂಡು ಹೋಗಬೇಕು, ಹೊರಗೆ ಬಂದ ಮೇಲೆ ಅದನ್ನು ಅದರದೇ ತೂತಿಗೆ ಹಾಕಿ ತಿರುಗಿಸಬೇಕು. ಒಂದೇ ಒಂದು ತೂತು ಖಾಲಿ ಇದ್ದರೂ ಯಂತ್ರಕ್ಕೆ ಕರೆಂಟು ಹರಿಯುವುದಿಲ್ಲ. ಬೀಗದಕೈ ವಾಪಸು ಬಂದಿಲ್ಲವೆಂದರೆ ಒಂದು ಜೀವ ಇನ್ನೂ ಒಳಗಿದೆ ಎಂದೇ ಅರ್ಥ. ಅಕ್ಕ ಮತ್ತು ಅವಳ ಜೊತೆಗಾರ, ಎತ್ತರಕ್ಕೆ ಎಲ್ಲರೂ ಉದ್ದಣ್ಣ ಎಂದು ಕರೆಯುವವನು, ಕೊಳವೆಯನ್ನು ಸುತ್ತುವರಿದ ದೊಡ್ಡ ಆಯಸ್ಕಾಂತಗಳ ಸಂದಿಯಲ್ಲಿ ಟಾರ್ಚು ಬಿಟ್ಟು ನೋಡುತ್ತಾ, “ಯಾರಾದ್ರೂ ಇದ್ದೀರಾ?” ಎಂದು ಕೂಗುತ್ತಾ ನಡೆಯುತ್ತಾರೆ. ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ ಕೂಗಬೇಕು. ಇಷ್ಟು ವರ್ಷದಲ್ಲಿ ಯಾರೂ ಓಗೊಟ್ಟಿಲ್ಲ. ಆದರೂ ಪ್ರತಿ ಸಲ ಕೂಗಿದ ಮೇಲೆ ಅಕ್ಕ ಒಂದು ಉಸಿರಿನಷ್ಟು ಹೊತ್ತು ನಿಂತೇ ಮುಂದೆ ಹೋಗುತ್ತಾಳೆ.

ಆ ವರ್ಷ ಯಂತ್ರದ ದುರಸ್ತಿ ಮುಗಿದು, ಹಿಂದಿಗಿಂತ ಹೆಚ್ಚಿನ ಬಲದಲ್ಲಿ ಮತ್ತೆ ಶುರುಮಾಡುವ ಸುದ್ದಿ ಬಂತು. ಸುದ್ದಿಯ ಬೆನ್ನಿಗೇ ಭಯವೂ ಬಂತು. ಡಿಕ್ಕಿಯಲ್ಲಿ ಒಂದು ಕಪ್ಪುಕುಳಿ ಹುಟ್ಟುತ್ತದಂತೆ, ಸಾಸಿವೆಗಿಂತ ಸಣ್ಣದು, ಅದು ಭೂಮಿಯನ್ನು ಒಳಗಿನಿಂದ ತಿಂದು ಮುಗಿಸುತ್ತದಂತೆ. ಕೆಲವರು ಕೋರ್ಟಿಗೆ ಹೋಗಿ ಸೋತರು. ಕೆಲವರು ಬೋರ್ಡು ಹಿಡಿದು ಗೇಟಿನ ಮುಂದೆ ಕೂತರು. ಇಸ್ತ್ರಿ ಅಂಗಡಿಯವಳು ಅಕ್ಕನ ಯೂನಿಫಾರ್ಮನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು: “ಅಲ್ಲಮ್ಮಾ, ಪ್ರಳಯ ಆಗೋದಾದ್ರೆ ಮೊದಲೇ ಹೇಳ್ಬಿಡಿ. ಇಷ್ಟೊಂದು ಬಟ್ಟೆ ಯಾಕೆ ಉಜ್ಜಲಿ?”

ಅಕ್ಕ ನಕ್ಕಿದ್ದಳು. ಮನೆಯಲ್ಲಿ ಮಾತ್ರ ನಗುವ ಹಾಗಿರಲಿಲ್ಲ.

ಮನೆಯಲ್ಲಿ ತಂಗಿ ಇದ್ದಳು, ತುಂಬು ಗರ್ಭಿಣಿ. ಅವಳ ಗಂಡ ಸರಕಿನ ಹಡಗಿನಲ್ಲಿ ಯಾವುದೋ ಸಮುದ್ರದ ಮೇಲೆ. ಓದಲು ಬೇರೆ ಊರಿಗೆ ಹೋದ ಅಕ್ಕನ ಮಗಳ ಕೋಣೆಯಲ್ಲಿ ಅವಳನ್ನು ಇರಿಸಿಕೊಂಡಿದ್ದರು. ಇದು ಮೂರನೇ ಬಸಿರು. ಮೊದಲಿನ ಎರಡೂ ಉಳಿದಿರಲಿಲ್ಲ. ಮಲಗಿದಲ್ಲೇ ಫೋನಿನಲ್ಲಿ ಭೂಮಿ ಸುರುಟಿ ಸುಟ್ಟ ಕಾಗದದಂತೆ ಮಾಯವಾಗುವ ವಿಡಿಯೋಗಳನ್ನು ನೋಡಿ ನೋಡಿ ಅವಳು ಊಟ ಬಿಟ್ಟಳು, ಆಮೇಲೆ ನಿದ್ದೆ ಬಿಟ್ಟಳು.

“ಅದಕ್ಕಿಂತ ದೊಡ್ಡ ಡಿಕ್ಕಿಗಳು ಆಕಾಶದಲ್ಲಿ ದಿನಾ ಆಗ್ತಾನೇ ಇರ್ತವೆ ಕಣೇ” ಎಂದು ಅಕ್ಕ ತನಗೆ ತಿಳಿದಷ್ಟು ಹೇಳುತ್ತಿದ್ದಳು. “ಇಂಥವೇ ಕಣಗಳು ಚಂದ್ರನ ಮೇಲೆ ಬೀಳ್ತವೆ, ನಮ್ಮ ತಲೆ ಮೇಲೂ ಬೀಳ್ತವೆ. ಚಂದ್ರ ಎಲ್ಲಿಗೂ ಹೋಗಿಲ್ಲವಲ್ಲ?”

“ನಿಮ್ಮ ವಿಜ್ಞಾನಿಗಳು ಏನೂ ಆಗಲ್ಲ ಅಂತ ಆಣೆ ಮಾಡ್ತಾರಾ?”

ಅಲ್ಲಿ ಅಕ್ಕ ತಡವರಿಸುತ್ತಿದ್ದಳು. ಪಾಳಿಯ ಮುಖ್ಯಸ್ಥೆಯನ್ನು ಅವಳೂ ಒಮ್ಮೆ ಇದನ್ನೇ ಕೇಳಿದ್ದಳು. ಮೇಡಂ ಕನ್ನಡಕ ತೆಗೆದು ಒರೆಸಿ, “ಆಗುತ್ತೆ ಅನ್ನೋಕೆ ಯಾವ ಕಾರಣವೂ ಇಲ್ಲ” ಎಂದಿದ್ದರು. ಖಡಾಖಂಡಿತವಾಗಿ ‘ಇಲ್ಲ’ ಎನ್ನುವುದು ಅವರ ಕಸುಬಿನಲ್ಲೇ ಇಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಆ ಮಾತನ್ನು ಹೆದರಿದವಳಿಗೆ ಹೇಳುವುದಾದರೂ ಹೇಗೆ?

“ಲಕ್ಷಕ್ಕೊಂದು ಪಾಲೂ ಇಲ್ಲ” ಎನ್ನುತ್ತಿದ್ದಳು ಅಕ್ಕ.

“ಮೊದಲನೇ ಸಲ ಡಾಕ್ಟರೂ ಹಾಗೇ ಅಂದ್ರು, ಲಕ್ಷಕ್ಕೊಬ್ಬರಿಗೆ ಹೀಗಾಗುತ್ತೆ ಅಂತ. ಆ ಲಕ್ಷಕ್ಕೊಬ್ಬಳು ನಾನೇ ಕಣೇ ಅಕ್ಕ.”

ಎರಡನೇ ಸಲದ್ದು ಇನ್ನೂ ಕಷ್ಟದ ಮಾತು. ಆಗ ಸ್ಕ್ಯಾನಿಂಗ್ ಮಾಡಿದ ನರ್ಸು ಅಕ್ಕನನ್ನು ಹೊರಗೆ ಕರೆದು, ಮಗುವಿನ ಎದೆಬಡಿತ ನಿಂತಿದೆ ಎಂದು ಹೇಳಿದ್ದಳು. ಅಕ್ಕ ಮುಖ ತೊಳೆದುಕೊಂಡು ಒಳಗೆ ಬಂದು, “ಏನೂ ಆಗಿಲ್ಲ, ಮಲಕ್ಕೋ” ಎಂದಿದ್ದಳು. ಒಂದು ರಾತ್ರಿಯಾದರೂ ನೆಮ್ಮದಿಯಾಗಿ ನಿದ್ದೆ ಮಾಡಲಿ ಎಂದು. ತಂಗಿ ಆ ರಾತ್ರಿಯಿಡೀ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಗುವಿನ ಜೊತೆ ಮಾತಾಡಿದ್ದಳು. ಬೆಳಿಗ್ಗೆ ವಿಷಯ ತಿಳಿದಾಗ ಅವಳು ಮೊದಲು ಅತ್ತದ್ದು ಮಗುವಿಗಲ್ಲ. “ಅಷ್ಟೂ ಹೊತ್ತು ನಾನು ಯಾರ ಹತ್ರ ಮಾತಾಡ್ತಿದ್ದೆ? ನಿಂಗೆ ಗೊತ್ತಿತ್ತಲ್ಲ!” ಎಂದು ಚೀರಿದ್ದಳು. ವರ್ಷವೆರಡಾದರೂ ಆ ಮಾತು ಅಕ್ಕನ ಕಿವಿಯಿಂದ ಇಳಿದಿರಲಿಲ್ಲ.

ಯಂತ್ರ ಶುರುವಾಗುವ ಹಿಂದಿನ ದಿನ ಅಕ್ಕ ಮತ್ತು ಉದ್ದಣ್ಣ ಸುರಂಗ ನೋಡಿ ಮುಗಿಸಿ ಮೇಲೆ ಬಂದರು. ಕೆಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಲಿಫ್ಟಿನ ಬಾಗಿಲು ತೆರೆದದ್ದೇ ತಡ, ತಂಗಿಯ ಮಿಸ್ಡ್ ಕಾಲ್‌ಗಳು ಒಂದರ ಮೇಲೊಂದು ಬಿದ್ದವು. ಕೊನೆಯಲ್ಲಿ ಒಂದು ಮೆಸೇಜು: ರಕ್ತ ಕಾಣಿಸಿದೆ. ಅಕ್ಕ ಹಲಗೆಯ ಕಡೆ ತಿರುಗಿಯೂ ನೋಡಲಿಲ್ಲ. ಹೆಲ್ಮೆಟ್ಟನ್ನು ಉದ್ದಣ್ಣನ ಕೈಗೆ ತುರುಕಿ ಓಡಿದಳು.

ಆಸ್ಪತ್ರೆಯಲ್ಲಿ ಅಂಥದ್ದೇನೂ ಆಗಿರಲಿಲ್ಲ. “ಮಗು ಚೆನ್ನಾಗಿದೆ. ಹಾಳಾಗಿರೋದು ತಾಯಿ” ಎಂದರು ಡಾಕ್ಟರು. ಬಿಪಿ ಏರಿದೆ, ಊಟ ನಿದ್ದೆ ಸರಿಹೋಗದಿದ್ದರೆ ಎರಡು ಜೀವಕ್ಕೂ ಕಷ್ಟ ಎಂದು ಗದರಿಸಿ ಮನೆಗೆ ಕಳಿಸಿದರು. ಮನೆಗೆ ಬಂದು ಬಾಗಿಲು ತೆಗೆಯಲು ಅಕ್ಕ ಜೇಬಿಗೆ ಕೈಹಾಕಿದಾಗ ಮನೆಯ ಬೀಗದಕೈ ಜೊತೆ ಇನ್ನೊಂದು ಬಂತು. ಕೆಂಪು ಪ್ಲಾಸ್ಟಿಕ್ ಬಿಲ್ಲೆ ನೇತಾಡುವ, ಸುರಂಗದ ಬೀಗದಕೈ. ಫೋನ್ ತೆಗೆದರೆ ಅದು ಚಾರ್ಜ್ ಇಲ್ಲದೆ ಯಾವಾಗಲೋ ಕಣ್ಣು ಮುಚ್ಚಿತ್ತು.

“ಇದು ಅದೇನಾ?” ತಂಗಿ ಕೇಳಿದಳು. ಅಕ್ಕನ ಕೆಲಸದ ರೀತಿ ರಿವಾಜು ಅವಳಿಗೆ ಬಾಯಿಪಾಠವಾಗಿತ್ತು. “ಇದು ಇಲ್ಲಿರೋ ತನಕ ಅದು ಶುರುವಾಗಲ್ಲ ಅಲ್ವಾ?”

ಅಕ್ಕ ಫೋನನ್ನು ಚಾರ್ಜಿಗೆ ಹಾಕಿ, ಅದು ಉಸಿರಾಡಿದ ಕೂಡಲೇ ಮೇಡಂಗೆ ಕರೆ ಮಾಡಿದಳು.

“ಬದುಕಿದ್ದೀಯಲ್ಲ, ಸದ್ಯ!” ಎಂದರು ಮೇಡಂ. “ನೀನು ಓಡಿದ್ದು ಉದ್ದಣ್ಣ ನೋಡಿದ್ದಾನೆ, ಗೇಟಿನವರೂ ನೋಡಿದ್ದೀವಿ ಅಂತಾರೆ. ಆದ್ರೆ ಬೀಗದಕೈ ಇಲ್ಲ ಅಂದ್ಮೇಲೆ ಯಾರು ನೋಡಿದ್ರೇನು, ನಿಯಮದ ಪ್ರಕಾರ ನೀನಿನ್ನೂ ಒಳಗೇ ಇದ್ದೀಯ. ಉದ್ದಣ್ಣ ಮತ್ತೆ ಕೆಳಗಿಳಿದಿದ್ದಾನೆ, ನಿನ್ನ ಹೆಸರು ಕೂಗ್ತಾ.”

ಖಾಲಿ ಸುರಂಗದಲ್ಲಿ ತನ್ನ ಹೆಸರು ಹಿಡಿದು ಕೂಗುತ್ತಾ ನಡೆಯುತ್ತಿರುವ ಆ ಉದ್ದನೆಯ ಮನುಷ್ಯ ಅಕ್ಕನ ಕಣ್ಣಿಗೆ ಕಟ್ಟಿದ. “ಈಗಲೇ ತರ್ತೀನಿ” ಎನ್ನುತ್ತಾ ತಿರುಗಿದಳು. ಮೇಜಿನ ಮೇಲೆ ಇಟ್ಟಿದ್ದ ಬೀಗದಕೈ ಅಲ್ಲಿರಲಿಲ್ಲ. ಅದು ತಂಗಿಯ ಮುಷ್ಟಿಯಲ್ಲಿತ್ತು.

“ಕೊಡೇ.”

“ಮಗು ಹುಟ್ಟೋ ತನಕ, ಅಕ್ಕ. ಆಮೇಲೆ ಬೇಕಾದ್ರೆ ನನ್ನ ಜೈಲಿಗೆ ಹಾಕ್ಲಿ.”

“ಹುಚ್ಚಿ! ಅಷ್ಟು ಜನ ವರ್ಷಗಟ್ಟಲೆ ಕಾದಿದ್ದಾರೆ.”

“ಅಷ್ಟು ವರ್ಷ ಕಾದವರು ಇನ್ನೊಂದು ತಿಂಗಳು ಕಾಯಲಿ. ನಾನೂ ಕಾಯ್ತಿಲ್ವಾ?”

ಅಕ್ಕ ಅವಳ ಬೆರಳುಗಳನ್ನು ಬಿಡಿಸಲು ಹೋದಳು. ಕಿರುಬೆರಳೊಂದು ಬಿಡುವಷ್ಟರಲ್ಲಿ ತಂಗಿ ಹೊಟ್ಟೆ ಹಿಡಿದು ಮುಂದಕ್ಕೆ ಬಾಗಿದಳು. ಅಕ್ಕ ಕೈ ತೆಗೆದುಬಿಟ್ಟಳು.

ಡ್ಯೂಟಿ ಮುಗಿಸಿ ಬಂದ ಗಂಡ, ಅಂದರೆ ತಂಗಿಯ ಭಾವ, ಅಡುಗೆಮನೆಯಲ್ಲಿ ಹೆಂಡತಿಯ ಪಕ್ಕ ನಿಂತು ಕಥೆಯೆಲ್ಲ ಕೇಳಿದ. ದನಿ ತಗ್ಗಿಸಿ ಕೇಳಿದ: “ಒಂದು ಕೀ ಕಳೆದುಹೋದ್ರೆ ಅವರು ಏನ್ ಮಾಡ್ತಾರೆ? ಅಷ್ಟು ದೊಡ್ಡ ಯಂತ್ರಾನ ಗುಜರಿಗೆ ಹಾಕ್ತಾರಾ?”

“ಇಲ್ಲ. ಹಲಗೆಯಲ್ಲಿ ಆ ಬೀಗ ಬದಲಾಯಿಸ್ತಾರೆ. ಸುರಂಗ ಎಲ್ಲ ಇನ್ನೊಂದು ಸಲ ನಡೆದು ನೋಡ್ಬೇಕು. ಒಂದು ದಿನದ ಕೆಲಸ.”

“ಮತ್ತೆ? ಬದಲಾಯಿಸ್ಲಿ ಬಿಡು. ಇವಳ ಹತ್ರ ಇರೋದು ಇರಲಿ. ಅದು ನಿಂತಿದೆ ಅಂದ್ಕೊಂಡು ನಾಲ್ಕು ತುತ್ತು ತಿಂತಾಳೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.”

“ಸುಳ್ಳು ಹೇಳು ಅಂತೀರಾ?”

“ಹೇಳ್ಬೇಡ. ಸುಮ್ನಿರು. ಸುಮ್ನಿರೋದಕ್ಕೆ ಸುಳ್ಳು ಅಂತಾರಾ?”

ಅಕ್ಕ ಮತ್ತೆ ಮೇಡಂಗೆ ಕರೆ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳು. “ಕೋರ್ಟಿಗೆ ಹೋದವರು ಸೋತರು, ನಿನ್ನ ತಂಗಿ ಗೆದ್ದಳು ನೋಡು, ಒಂದು ದಿನದ ಮಟ್ಟಿಗೆ” ಎಂದರು ಮೇಡಂ. ಆಮೇಲೆ ದನಿ ಬದಲಾಯಿತು. “ನಿನ್ನ ಕಷ್ಟ ನಂಗೆ ಅರ್ಥವಾಗುತ್ತೆ. ಆದ್ರೆ ನಿನ್ನನ್ನ ಇನ್ನು ಸುರಂಗಕ್ಕೆ ಇಳಿಸೋಕಾಗಲ್ಲ. ಕೀ ಮರೆತವರು ಇಳಿಯೋ ಹಾಗಿಲ್ಲ. ನಿಯಮ ಮಾಡಿದವಳು ನಾನೇ.” ಅಕ್ಕನನ್ನು ಹೆಲ್ಮೆಟ್ಟು, ಬೂಟು ಕೊಡುವ ಸ್ಟೋರಿಗೆ ಹಾಕಿದರು.

ಅವಳು ತಂಗಿಯ ಕೋಣೆಗೆ ಹೋಗಿ ಹಾಸಿಗೆಯ ಅಂಚಿನಲ್ಲಿ ಕೂತಳು. “ಇಟ್ಕೋ” ಎಂದಳು. “ಯಂತ್ರ ನಿಂತಿದೆ.” ಆ ಸಂಜೆಯ ಮಟ್ಟಿಗೆ ಅದು ನಿಜವೇ ಆಗಿತ್ತು. ಒಂದು ದಿನ ಕಳೆದ ಮೇಲೆ ನಿಜವಾಗಿ ಉಳಿಯಲಿಲ್ಲ, ಅಷ್ಟೇ. ಅಕ್ಕ ಹೊಸದಾಗಿ ಒಂದು ಮಾತನ್ನೂ ಆಡಬೇಕಾಗಿ ಬರಲಿಲ್ಲ.

ತಂಗಿ ಚಿಗುರಿದಳು. ಎರಡನೇ ಸಲ ಬಡಿಸಿಕೊಂಡಳು. ಮಧ್ಯಾಹ್ನ ಸಣ್ಣಗೆ ಗೊರಕೆ ಹೊಡೆದಳು. “ಇನ್ನು ಇದರ ಸಹವಾಸ ಬೇಡ” ಎಂದು ಫೋನನ್ನು ತಾನೇ ಭಾವನ ಕೈಗೆ ಕೊಟ್ಟಳು. ಭಾವ ಪೇಪರಿನವನಿಗೆ ಪೇಪರು ಹಾಕಬೇಡ ಎಂದ, ಟೀವಿಯ ಹಿಂದಿನ ವೈರು ಕಿತ್ತು, ಕೆಟ್ಟಿದೆ ಎಂದ. “ನಿಮ್ಮನೆ ಟೀವಿಗೂ ನನ್ನ ಹಾಗೆ ಬೆಡ್ ರೆಸ್ಟಾ ಭಾವ?” ಎಂದು ತಂಗಿ ನಕ್ಕರೆ ಭಾವ ಅವಳಿಗಿಂತ ಜೋರಾಗಿ ನಕ್ಕು, ಬಚ್ಚಲಿಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದ.

ಅಕ್ಕ ಮಾತ್ರ ಸೊರಗಿದಳು. ಸ್ಟೋರಿನ ಕಿಟಕಿಯಾಚೆ ಯಂತ್ರ ಓಡುತ್ತಿದೆ ಎಂದು ತೋರಿಸುವ ದೀಪ ಹಗಲೆಲ್ಲ ಉರಿಯುತ್ತಿತ್ತು. ಅದರ ಕೆಳಗೆ ಬೂಟು ಜೋಡಿಸುತ್ತಾ ಅವಳಿಗೆ ಕಪ್ಪುಕುಳಿಯ ಭಯವಿರಲಿಲ್ಲ. ಭಯ ಮನೆಗೆ ಹೋಗುವುದರದ್ದು. ತಂಗಿಯ ತಟ್ಟೆಗೆ ಬಡಿಸುವಾಗ, ಅವಳ ಊದಿದ ಪಾದ ನೀವುವಾಗ, ಅಂದು ಮುಖ ತೊಳೆದುಕೊಂಡು ಆಸ್ಪತ್ರೆಯ ಕೋಣೆಗೆ ಬಂದ ಹೆಂಗಸೇ ತನ್ನ ಕೈಗಳೊಳಗೆ ಕೂತು ಕೆಲಸ ಮಾಡುತ್ತಿದ್ದಾಳೆ ಅನಿಸುತ್ತಿತ್ತು. ಪ್ರೀತಿಯಿಂದಲೇ ಅಲ್ಲವೇ ಎಂದು ತನ್ನನ್ನು ತಾನು ಕೇಳಿಕೊಳ್ಳುತ್ತಿದ್ದಳು. ಪ್ರೀತಿಯೇ, ಸಂಶಯವಿಲ್ಲ. ಆದರೆ ಅದರಲ್ಲಿ ಸ್ವಲ್ಪ ಸೋಮಾರಿತನವೂ ಇತ್ತು. ಹೆದರಿದವಳ ಪಕ್ಕ ಕೂತು ತಾನೂ ಹೆದರುವುದಕ್ಕಿಂತ ಅವಳನ್ನು ಮಲಗಿಸಿಬಿಡುವುದು ಸುಲಭ.

ಒಂದು ಮಧ್ಯಾಹ್ನ ಅಕ್ಕ ತಂಗಿಯ ತಲೆ ಬಾಚುತ್ತಿದ್ದಳು. ಕಿಟಕಿಯಲ್ಲಿ ಬಿಸಿಲು. ತಂಗಿ ಸಣ್ಣದೊಂದು ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

“ಅಲ್ಲಿ ಎಲ್ಲರೂ ನಿನ್ನ ಬೈತಿದ್ದಾರಾ ಅಕ್ಕ? ಕೈಕಟ್ಟಿ ಕೂತಿದ್ದಾರಾ ಪಾಪ?”

“ಬೈತಿಲ್ಲ.”

“ಒಂದು ಮಾತು ಹೇಳ್ಬೇಕು ನಿಂಗೆ.” ತಂಗಿ ಸೂಜಿ ಸಿಕ್ಕಿಸಿಟ್ಟಳು. “ಆವತ್ತು ಆಸ್ಪತ್ರೆಯಲ್ಲಿ ನೀನು ಮುಚ್ಚಿಟ್ಟೆಯಲ್ಲ, ಅದನ್ನ ನಾನು ಸಾಯೋ ತನಕ ಕ್ಷಮಿಸಲ್ಲ ಅಂದ್ಕೊಂಡಿದ್ದೆ. ಇಲ್ಲಿಗೆ ಬಂದಾಗ್ಲೂ ಮನಸ್ಸಲ್ಲಿ ಅದೇ ಇತ್ತು. ಈಗ ಇಲ್ಲ. ನನಗೋಸ್ಕರ ಅಷ್ಟು ಜನರ ಎದುರು ನಿಂತೆ ನೀನು. ಹೆರಿಗೆಗೆ ಒಳಗೆ ಒಬ್ಬರನ್ನ ಬಿಡ್ತಾರಂತೆ. ನೀನೇ ಬರ್ಬೇಕು.”

ಬಾಚಣಿಗೆ ಕೂದಲಲ್ಲೇ ನಿಂತಿತು. ಈ ಕ್ಷಮೆಗಾಗಿ ಅಕ್ಕ ಎರಡು ವರ್ಷ ಒಳಗೊಳಗೇ ಹಂಬಲಿಸಿದ್ದಳು. ಸುಮ್ಮನಿದ್ದರೆ ಅದು ಅವಳದೇ. ಯಾರೂ ಕಸಿದುಕೊಳ್ಳುವವರಿಲ್ಲ.

“ಯಂತ್ರ ಓಡ್ತಿದೆ” ಎಂದಳು ಅಕ್ಕ.

“ಏನಂದೆ?”

“ಬೇರೆ ಬೀಗ ಹಾಕಿದ್ದಾರೆ. ನಿನ್ನ ಹತ್ರ ಇರೋದು ಯಾವುದಕ್ಕೂ ಆಗಲ್ಲ. ನಂಗೆ ಅವತ್ತೇ ಗೊತ್ತಿತ್ತು, ಹಾಗೇ ಮಾಡ್ತಾರೆ ಅಂತ.”

ತಂಗಿ ತಿರುಗಲಿಲ್ಲ. ಬಾಚಣಿಗೆ ಇನ್ನೂ ಅವಳ ಕೂದಲಲ್ಲೇ ಇತ್ತು. “ಯಾವತ್ತಿಂದ?”

“ಒಂದು ದಿನ ಮಾತ್ರ ನಿಂತಿತ್ತು.”

“ಅಂದ್ರೆ ನಾನು ಉಂಡು ತೇಗಿ ಮಲಗ್ತಿದ್ದಾಗೆಲ್ಲ ಅದು ಓಡ್ತಾ ಇತ್ತು.”

“ಹೂಂ.”

“ಭೂಮಿ ಇಲ್ಲೇ ಇದೆ.”

“ಹೂಂ.”

ತಂಗಿ ಎದ್ದು ಕಿಟಕಿಯ ಬಳಿ ಹೋದಳು. ಕೆಳಗೆ ರಸ್ತೆಯಲ್ಲಿ ಯಾರೋ ಸೈಕಲ್ಲಿನ ಚೈನು ಸರಿಮಾಡುತ್ತಿದ್ದರು. ಕಪ್ಪುಕುಳಿಯ ಭಯ ಅವಳ ಮುಖದಿಂದ ಇಳಿದುಹೋಗುವುದನ್ನು ಅಕ್ಕ ಕಣ್ಣಾರೆ ಕಂಡಳು. ಅದು ಇಳಿದ ಜಾಗಕ್ಕೆ ಬಂದು ಕೂತದ್ದನ್ನೂ ಕಂಡಳು.

“ಭೂಮಿ ಹಾಳಾಗಿ ಹೋಗ್ಲಿ” ಎಂದಳು ತಂಗಿ. “ಅದಿದ್ರೆಷ್ಟು, ಬಿಟ್ರೆಷ್ಟು. ನೀನು ಎರಡನೇ ಸಲ ಮಾಡಿದೆಯಲ್ಲೇ.” ಅವಳು ಮಂಚದ ಮೇಲಿನ ಬೀಗದಕೈ ತೆಗೆದು ಅಕ್ಕನ ಮಡಿಲಿಗೆ ಹಾಕಿದಳು. “ಹೊರಗೆ ಹೋಗು.”

ಆಮೇಲಿನ ದಿನಗಳಲ್ಲಿ ತಂಗಿ ಊಟ ಬಿಡಲಿಲ್ಲ. ಮಗುವಿಗೆ ಬೇಕೆಂದು ಲೆಕ್ಕ ಹಾಕಿದವಳಂತೆ ಉಣ್ಣುತ್ತಿದ್ದಳು. ಮಾತು ಮಾತ್ರ ಬಿಟ್ಟಳು. ಭಾವ ಟೀವಿಯ ವೈರು ಸಿಕ್ಕಿಸಿ, ಬಾಗಿಲಲ್ಲಿ ನಿಂತು ಬೇಡಿಕೊಂಡ: “ಐಡಿಯಾ ಕೊಟ್ಟವನು ನಾನಮ್ಮ. ಬೈಯೋದಾದ್ರೆ ನನ್ನ ಬೈ. ಬಸ್ಸಲ್ಲಿ ದಿನಾ ಬೈಸ್ಕೊಂಡು ನಂಗೆ ಅಭ್ಯಾಸ ಇದೆ.”

“ನಿಮ್ಮ ಮೇಲೆ ಕೋಪ ಇಲ್ಲ ಭಾವ. ನೀವು ನನ್ನ ಸಮಾಧಾನ ಮಾಡೋಕೆ ನೋಡಿದ್ರಿ. ನಂಗೇನು ಬೇಕು ಅಂತ ಅವಳಿಗೆ ಗೊತ್ತಿತ್ತು.”

ಗೋಡೆಯಾಚೆ ಕೂತ ಅಕ್ಕ ಅದನ್ನು ಕೇಳಿಸಿಕೊಂಡಳು. ಹೋಗಿ ಕಾಲು ಹಿಡಿಯಬಹುದಿತ್ತು. ಹಿಡಿದರೆ ತಂಗಿ ಕರಗಬೇಕಾಗುತ್ತಿತ್ತು, ಅದೂ ಒಂದು ಬಗೆಯ ಬಲವಂತವೇ. ಅವಳು ಹೋಗಲಿಲ್ಲ. ಉಪ್ಪು ಕಡಿಮೆ ಹಾಕಿ ಅಡುಗೆ ಮಾಡಿದಳು, ಬಿಸಿನೀರು ಕಾಯಿಸಿಟ್ಟಳು, ಆಸ್ಪತ್ರೆಯ ಚೀಲ ಜೋಡಿಸಿ ಬಾಗಿಲ ಬಳಿ ಇಟ್ಟಳು.

ನೋವು ಬೆಳಗಿನ ಹೊತ್ತಿನಲ್ಲಿ ಬಂತು, ಡಾಕ್ಟರು ಹೇಳಿದ್ದ ದಿನಕ್ಕಿಂತ ಮುಂಚೆ. ಟ್ಯಾಕ್ಸಿಯಲ್ಲಿ ಭಾವ ಮುಂದೆ ಕೂತು ಡ್ರೈವರಿಗೆ ಗೇರು ಹಾಕುವುದನ್ನು ಕಲಿಸುತ್ತಿದ್ದ. ಹಿಂದೆ ಅಕ್ಕತಂಗಿಯರ ನಡುವೆ ಚೀಲವಿತ್ತು. ನೋವು ಬಂದಾಗಲೆಲ್ಲ ತಂಗಿ ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡಳೇ ಹೊರತು ಅಕ್ಕನ ಕೈಯನ್ನಲ್ಲ.

ಹೆರಿಗೆ ಕೋಣೆಯ ಬಾಗಿಲಲ್ಲಿ ನರ್ಸು, “ಒಬ್ಬರೇ ಒಳಗೆ. ಯಾರು ಬರ್ತೀರಿ?” ಎಂದಳು. ತಂಗಿ ಭಾವನನ್ನು ನೋಡಿದಳು. ಅವನ ಮುಖ ಆಗಲೇ ಬಿಳಿಚಿಕೊಂಡು, ಅವನಿಗೇ ಒಂದು ಹಾಸಿಗೆ ಬೇಕಾಗುವ ಹಾಗಿತ್ತು. ತಂಗಿಯ ತುಟಿಯ ಅಂಚಿನಲ್ಲಿ ನಗುವಿನಂಥದ್ದೊಂದು ಸುಳಿದು ಹೋಯಿತು. ಆಮೇಲೆ ಅವಳು ಅಕ್ಕನ ಕಡೆ ತಿರುಗಿದಳು. ಅಷ್ಟು ದಿನಗಳಲ್ಲಿ ಅದೇ ಮೊದಲು.

“ನೀನು ಬಾ. ಆದ್ರೆ ಒಳಗೆ ನನಗೆ ಅಕ್ಕ ಬೇಡ, ಕಣ್ಣು ಬೇಕು. ನಂಗೆ ಕಾಣದ್ದು ನಿಂಗೆ ಕಂಡ್ರೆ, ಕಂಡ ಹಾಗೇ ಹೇಳ್ಬೇಕು. ಆಗಲ್ಲ ಅಂದ್ರೆ ಈಗಲೇ ಹೇಳು, ನಾನೊಬ್ಬಳೇ ಹೋಗ್ತೀನಿ.”

“ಹೇಳ್ತೀನಿ” ಎಂದಳು ಅಕ್ಕ.

ಒಳಗೆ ಬೆಳಕು ಜಾಸ್ತಿ, ಜಾಗ ಕಡಿಮೆ. ಡಾಕ್ಟರು ಸ್ಕ್ಯಾನಿಂಗ್ ಯಂತ್ರದ ತುದಿಯನ್ನು ತಂಗಿಯ ಹೊಟ್ಟೆಯ ಮೇಲೆ ಅತ್ತಿತ್ತ ಸರಿಸಿದರು. ಒಂದು ಕಡೆ ನಿಲ್ಲಿಸಿದರು. ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ನರ್ಸಿಗೆ ಏನೋ ಹೇಳಿದರು. ನರ್ಸು ಬೇಗ ಬೇಗ ಹೊರಗೆ ಹೋದಳು. ಡಾಕ್ಟರ ಪಕ್ಕದಲ್ಲಿದ್ದ ಅಕ್ಕನಿಗೆ ಪರದೆ ಕಾಣುತ್ತಿತ್ತು. ತಂಗಿಯ ಕಣ್ಣು ಸೂರಿನ ಮೇಲಿತ್ತು.

“ಅಕ್ಕ.”

ಏನೂ ಆಗಲ್ಲ ಎನ್ನುವ ಮಾತು ಅಕ್ಕನ ನಾಲಿಗೆಯ ತುದಿಗೇ ಬಂದಿತ್ತು. ಹುಟ್ಟಿದಾಗಿನಿಂದ ಈ ಹುಡುಗಿಗೆ ಅವಳು ಹೇಳುತ್ತಾ ಬಂದದ್ದು ಅದನ್ನೇ. ಬಿದ್ದಾಗ, ಕತ್ತಲಾದಾಗ, ಅಮ್ಮ ತೀರಿಕೊಂಡಾಗ. ಅದನ್ನು ನುಂಗಿದರೆ ಬಾಯಲ್ಲಿ ಬೇರೇನೂ ಉಳಿಯದು ಅನಿಸಿತು. ನುಂಗಿದಳು.

“ಎದೆಬಡಿತ ಇದೆ” ಎಂದಳು. “ಕಾಣಿಸ್ತಿದೆ ನಂಗೆ. ಆದ್ರೆ ನೋವು ಬಂದಾಗ ನಿಧಾನ ಆಗ್ತಿದೆ. ಡಾಕ್ಟರು ಹುಬ್ಬು ಗಂಟು ಹಾಕಿದ್ದಾರೆ. ನರ್ಸು ಇನ್ನೊಬ್ಬ ಡಾಕ್ಟರನ್ನ ಕರೆಯೋಕೆ ಹೋದ್ಲು ಅನಿಸುತ್ತೆ. ಮುಂದೇನೋ ನಂಗೆ ಗೊತ್ತಿಲ್ಲ. ನಂಗೆ ಭಯ ಆಗ್ತಿದೆ ಕಣೇ.”

ಡಾಕ್ಟರು ತಲೆಯೆತ್ತಿ ಅಕ್ಕನನ್ನು ದುರುಗುಟ್ಟಿ ನೋಡಿದರು. ತಂಗಿ ದೀರ್ಘವಾಗಿ ಉಸಿರುಬಿಟ್ಟಳು. ಮುಂದಿನ ನೋವು ಏರುತ್ತಿತ್ತು. ಅವಳ ಕೈ ಹಾಸಿಗೆಯ ಕಂಬಿಯನ್ನು ಬಿಟ್ಟು, ತಡಕಾಡಿ, ಅಕ್ಕನ ಮಣಿಕಟ್ಟನ್ನು ಹಿಡಿದುಕೊಂಡಿತು.

“ಹೂಂ” ಎಂದಳು. “ನಿಲ್ಲಿಸ್ಬೇಡ. ಹೇಳ್ತಾ ಇರು.”